ಹೆಡ್ ಆಪರೇಟರರ ಸಿನಿಮಾ ಪೆಟ್ಟಿಗೆ

ಅಳಬೇಕಾದ ಜಾಗದಲ್ಲಿ ನಗು ಬಂದು ಮರ್ಯಾದೆ ಕಳೆಯುವುದು ನನಗೆ ಇವತ್ತಿಗೂ ತಪ್ಪಿಲ್ಲ. ಅರ್ಧಕ್ಕಿಂತ ಹೆಚ್ಚು ಸಲ ಅದಕ್ಕೆ ಕಾರಣ ನಮ್ಮ ಹೆಡ್ ಆಪರೇಟರು. ದಾಂಡೇಲಿಯ ಟಾಕೀಜಿನಲ್ಲಿ ಅವರು ಸಿನಿಮಾ ಮಷಿನ್ ಓಡಿಸುತ್ತಿದ್ದರು, ನಾನು ಅವರ ಅಸಿಸ್ಟೆಂಟು. ಮೂವತ್ತು ವರ್ಷ ಒಂದೇ ಕೋಣೆಯಲ್ಲಿ ಬೆವರಿದೆವು. ಈ ವರ್ಷ ಅವರು ಹೋದರು.

ಕೈ ಮುಗಿ, ಆಮೇಲೆ ಕತ್ತರಿಸು

ನಮ್ಮ ಮಷಿನ್ ಕೋಣೆಯಲ್ಲಿ ಬಸವಣ್ಣನ ಫೋಟೋದ ಪಕ್ಕ ಒಬ್ಬ ಬಿಳಿಕೂದಲಿನ ಅಮೆರಿಕದ ಮುದುಕನ ಫೋಟೋ ಇತ್ತು. ಕರೆಂಟಿನ ದೀಪ ಬೆಳಗಿಸಿ, ಮಾತಾಡುವ ಮಷಿನ್ ಮಾಡಿ, ಸಾಲದೆಂಬಂತೆ ಸಿನಿಮಾಕ್ಕೂ ಕೈ ಹಾಕಿದ ಸಂಶೋಧಕ ಆತ. ಎರಡೂ ಅಂಚಿಗೆ ತೂತು ಇರುವ ರೀಲು ಹುಟ್ಟಿದ್ದು ಅವನ ಕಾರ್ಖಾನೆಯಲ್ಲಿ. ನೂರು ವರ್ಷದ ಮೇಲೂ ನಮ್ಮ ಬೆರಳ ಸಂದಿಯಲ್ಲಿ ಓಡುತ್ತಿದ್ದದ್ದು ಅದೇ ತೂತಿನ ರೀಲು. ಹೆಡ್ ಆಪರೇಟರು ಅವನಿಗೆ ದಿನಾ ಊದುಬತ್ತಿ ಬೆಳಗುತ್ತಿದ್ದರು.

"ಆದ್ರ ತಮ್ಮಾ, ಸಿನಿಮಾ ತೋರಸೂ ಪೆಟಗಿ ಮಾಡಾಕ ಹಗಲೂ ರಾತ್ರಿ ದುಡದಾವ ಅವನ ಅಸಿಸ್ಟೆಂಟು. ಹೆಸರು ಬಂದಿದ್ದು ಇವಗ" ಎಂದು ಅವರೇ ಹೇಳುತ್ತಿದ್ದರು. ಹೇಳಿ, ರೀಲಿನ ಭಾರದ ಡಬ್ಬಿಗಳನ್ನು ನನ್ನ ತಲೆ ಮೇಲೆ ಹೊರಿಸುತ್ತಿದ್ದರು.

ಟಾಕೀಜು ಮುಚ್ಚಿದ ದಿನ ಕರೆಂಟು ಕಡಿಯಲು ಲೈನ್‌ಮನ್ ಬಂದ. ಹೆಡ್ ಆಪರೇಟರು ಬಾಗಿಲಿಗೆ ಅಡ್ಡ ನಿಂತರು.

"ದೀಪ ಕೊಟ್ಟಾವನ ಕಣ್ಣ ಮುಂದ ವೈರ್ ಕಡೀತಿಯೇನೋ?"

ಲೈನ್‌ಮನ್ ಫೋಟೋ ನೋಡಿದ. "ನಿಮ್ಮ ತಂದೆಯವರೇನ್ರಿ?"

"ಹೂಂ. ನಿನಗೂ ತಂದೀನ."

ಅವನ ಮುಖ ಸಣ್ಣದಾಯಿತು. ಚಪ್ಪಲಿ ಕಳಚಿದ, ಫೋಟೋಕ್ಕೆ ಅಡ್ಡಬಿದ್ದ, ಹಣೆಗೆ ವಿಭೂತಿ ಹಚ್ಚಿಕೊಂಡ. ಆಮೇಲೆ ಭಕ್ತಿಯಿಂದ ಕತ್ತರಿಸಿದ.

ಹಲ್ಲಿನ ಪಾಠ

ಕೆಲಸ ಹೋದ ಮೇಲೆ ಅವರು ಶಾಲೆಗಳಿಗೆ ಹೋಗಿ ಸಿನಿಮಾ ಹುಟ್ಟಿದ ಕಥೆ ಹೇಳತೊಡಗಿದರು. ಹಿಂದೆ ನಾನು ಚೀಲ ಹಿಡಿದುಕೊಂಡು. ತೇರಗಾಂವದ ಶಾಲೆಯಲ್ಲಿ ಅವರು ಹೇಳಿದರು: "ಆ ಸಂಶೋಧಕಗ ಕಿವಿ ಕೇಳತಿದ್ದಿಲ್ಲ. ಅದಕ್ಕ ಹಾಡಿನ ಮಷಿನ್ನಿನ ಕಟಗಿಗೆ ಹಲ್ಲು ಹಚ್ಚಿ ಕಚ್ಚಿ ಹಿಡೀತಿದ್ದ. ಹಾಡು ಹಲ್ಲಿನ ಮೂಲಕ ತಲಿಯೊಳಗ ಹೋಗತಿತ್ತು."

ಒಂದು ಹುಡುಗಿ ಎದ್ದು ನಿಂತಳು. "ಸರ್, ಹಲ್ಲು ಬಿದ್ದ ಮ್ಯಾಲ ಹೆಂಗ ಕೇಳತಿದ್ರು?"

ಹೆಡ್‌ಮಾಸ್ತರು ನನ್ನ ಮುಖ ನೋಡಿದರು, ನಾನು ಮೇಲಿನ ಹಂಚು ನೋಡಿದೆ. ಹೆಡ್ ಆಪರೇಟರು ಮಾತ್ರ ಗಂಭೀರವಾಗಿ ಬಾಯೊಳಗೆ ಕೈ ಹಾಕಿ, ಕಟ್ಟಿಸಿದ ಹಲ್ಲಿನ ಸೆಟ್ಟನ್ನೇ ಹೊರತೆಗೆದು ಅಂಗೈ ಮೇಲೆ ಇಟ್ಟುಕೊಂಡರು. ಬೊಚ್ಚು ಬಾಯಿಂದ ಕೇಳಿದರು:

"ಏನಂದಿಯವಾ? ಕೇಳಸಲಿಲ್ಲ."

ಡಾಕ್ಟರ ಪ್ರಶ್ನೆ

ಆ ಚಳಿಗಾಲ ಅವರಿಗೆ ಕೆಮ್ಮು ಹತ್ತಿತು. ಕೋಗಿಲಬನದ ಅವರ ಮನೆಯಿಂದ ರಸ್ತೆಯ ತನಕ ನಡೆದರೆ ಎರಡು ಕಡೆ ಕೂತು ಏಳಬೇಕಾಯಿತು. ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕೇಳಿದರು.

"ಬೀಡಿ, ಸಿಗರೇಟು?"

"ಇಲ್ರಿ."

"ಶ್ವಾಸಕೋಶ ಹಂಗ ಹೇಳಾಕತ್ತಿಲ್ಲಲ್ರಿ. ಏನು ಸೇದತಿದ್ರಿ, ಖರೇ ಹೇಳ್ರಿ."

ನಮ್ಮ ಹಳೆ ಮಷಿನ್ನಿನೊಳಗೆ ಬೆಳಕಿಗಾಗಿ ಕಾರ್ಬನ್ ಕಡ್ಡಿ ಉರಿಯುತ್ತಿತ್ತು. ಗಾಳಿಯಾಡದ ಕೋಣೆಯಲ್ಲಿ ಅದರ ಹೊಗೆ ಕುಡಿದೇ ಅವರು ಮುದುಕರಾಗಿದ್ದರು.

"ಸಿನಿಮಾ ಸೇದೇನ್ರಿ" ಅಂದರು.

"ದಿನಕ್ಕೆಷ್ಟು?" ಎಂದು ಡಾಕ್ಟರು ಬರೆಯುತ್ತಲೇ ಕೇಳಿದರು.

"ಮೂರು ಆಟ. ರವಿವಾರ ನಾಕು."

ಯಾರದು ಫೋಟೋ

ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದನ್ನು ನಾನು ಮುಚ್ಚಿಟ್ಟೆ. ಆದರೆ ಬಸ್ಸಿನಲ್ಲಿ ಅವರೇ ಮಾತು ತೆಗೆದರು. "ತಮ್ಮಾ, ಪೆಟಗಿ ಮಾಡೂಣು. ನಾ ಇರೂದರೊಳಗ."

ಮೊಟ್ಟಮೊದಲು ಆ ಸಂಶೋಧಕ ಜನಕ್ಕೆ ತೋರಿಸಿದ ಸಿನಿಮಾಕ್ಕೆ ಪರದೆ ಇರಲಿಲ್ಲ. ಎತ್ತರದ ಕಟ್ಟಿಗೆ ಪೆಟ್ಟಿಗೆ, ಮೇಲೊಂದು ಕಿಂಡಿ. ಒಬ್ಬೊಬ್ಬರೇ ಬಗ್ಗಿ ನೋಡಬೇಕು. ನಮಗೆ ರೀಲು ಎಲ್ಲಿಂದ ಬರಬೇಕು? ಮೊಬೈಲಿನಲ್ಲಿ ಶೂಟಿಂಗ್ ಮಾಡಿ, ಒಂದೊಂದು ಚಿತ್ರವನ್ನೂ ಸಣ್ಣ ಫೋಟೋ ಹಾಕಿಸಿ, ಗಾಲಿಗೆ ಸಾಲಾಗಿ ಜೋಡಿಸಿ, ಹಿಡಿಕೆ ತಿರುಗಿಸಿದರೆ ಫೋಟೋಗಳು ಪಟಪಟನೆ ಮಗುಚಿ ಚಿತ್ರ ಓಡುವಂತೆ ಮಾಡಬೇಕೆಂದು ಅವರ ಲೆಕ್ಕ.

ಸಿನಿಮಾದ ಕಥೆ? ಹೆಡ್ ಆಪರೇಟರು ಹೋಳಿಗೆ ತಿನ್ನುವುದು. ಆಗಿನ್ನೂ ಮೈಯಲ್ಲಿ ಮಾಂಸ ಇತ್ತು. ವೈನಿ, ಅಂದರೆ ಅವರ ಹೆಂಡತಿ, ಬಿಸಿ ಹೋಳಿಗೆ ಹಾಕಿ ಮೇಲೆ ಮಿಳ್ಳಿಯಿಂದ ತುಪ್ಪ ಸುರಿದರು. ಇವರು ನಾಲ್ಕೇ ತುತ್ತಿಗೆ ತಟ್ಟೆ ಖಾಲಿ ಮಾಡಿದರು.

ಫೋಟೋ ಹಾಕಿಸಲು ಹಳಿಯಾಳಕ್ಕೆ ಹೋದೆವು. ಸ್ಟುಡಿಯೋದವ ಕಂಗಾಲಾದ. "ಒಬ್ಬರದ ಇಷ್ಟೊಂದು ಫೋಟೋ ಯಾಕ್ರಿ?" ಎಂದವನು ನನ್ನ ಕಡೆ ಬಗ್ಗಿ ದನಿ ತಗ್ಗಿಸಿದ. "ತೀರಿಕೊಂಡಾವ್ರು ನಿಮಗೇನಾಗಬೇಕು?"

ಬೆಂಚಿನ ಮೇಲೆ ಮಫ್ಲರ್ ಸುತ್ತಿಕೊಂಡು ಕೂತಿದ್ದ ಹೆಡ್ ಆಪರೇಟರು ಅಲ್ಲಿಂದಲೇ ಉತ್ತರ ಕೊಟ್ಟರು.

"ನಂದರೀ ಅದು. ಇನ್ನೂ ತೀರಿಕೊಂಡಿಲ್ಲ. ನೀವು ಲಗೂನ ಕೊಟ್ರ ನೋಡಿಕೊಂಡು ಹೋಗತೇನಿ."

ಆ ಸಂಜೆಗೇ ಫೋಟೋ ಸಿಕ್ಕವು.

ಒಳಗಿನವ, ಹೊರಗಿನವ

ಪೆಟ್ಟಿಗೆ ಮುಗಿಯುವುದರೊಳಗೆ ಅವರು ಅರ್ಧ ಆಗಿದ್ದರು. ಆದರೂ ಜೀಪು ಮಾಡಿಕೊಂಡು ಜೋಯಿಡಾ ಕಡೆಯ ಒಂದು ಸಿದ್ದಿಗಳ ಊರಿಗೆ ಹೋದೆವು. ಚರ್ಚಿನ ಮುಂದಿನ ಮರದ ಕೆಳಗೆ ಪೆಟ್ಟಿಗೆ ಇಟ್ಟು, ಪಕ್ಕದ ಕುರ್ಚಿಯಲ್ಲಿ ಅವರನ್ನು ಕೂರಿಸಿದೆ. ಜನ ಸಾಲುಗಟ್ಟಿದರು. ಎಲ್ಲರಿಗಿಂತ ಮುಂದೆ ಒಬ್ಬ ಸಿದ್ದಿ ಅಜ್ಜಿ. ಕಿಂಡಿಗೆ ಕಣ್ಣು ಹಚ್ಚಿದಳು, ತಲೆ ಎತ್ತಿ ಕುರ್ಚಿ ಕಡೆ ನೋಡಿದಳು, ಮತ್ತೆ ಕಿಂಡಿ, ಮತ್ತೆ ಕುರ್ಚಿ.

"ಇಬ್ಬರೂ ಒಬ್ಬರೇನು?" ಎಂದು ನನ್ನನ್ನು ಕೇಳಿದಳು.

ಹೌದೆಂದೆ.

ಅಜ್ಜಿ ನನ್ನನ್ನು ಸಿಟ್ಟಿನಿಂದ ನೋಡಿದಳು. "ಹಂಗಾರ ಮೊದಲ ಆ ಪೆಟಗಿ ಬಂದ್ ಮಾಡು. ಒಳಗಿನಾವನ ಎಲ್ಲಾ ತಿಂದರ ಹೊರಗಿನಾವಗ ಎಲ್ಲಿ ಮೈ ಹತ್ತತೈತಿ?"

ಹೆಡ್ ಆಪರೇಟರು ನಕ್ಕರು. ನಗು ಕೆಮ್ಮಾಯಿತು, ಕರವಸ್ತ್ರ ಕೆಂಪಾಯಿತು. ಅಜ್ಜಿ ಅವರ ಬೆನ್ನು ತಿಕ್ಕುತ್ತ ನಿಂತಳು. ಉಸಿರು ಮರಳಿದಾಗ ಅವರು ಆಡಿದ ಮೊದಲ ಮಾತು: "ತಮ್ಮಾ, ಸಾಲು ಕೆಡಬ್ಯಾಡ. ಮುಂದಿನವರನ್ನ ಬಿಡು."

ವೈನಿ ಸಿನಿಮಾ ನೋಡಿದ್ದು

ಹದಿನೈದು ದಿನದಲ್ಲಿ ಅವರನ್ನು ಮಣ್ಣು ಮಾಡಿ ಬಂದೆವು. ವೈನಿ ಒಂದು ಹನಿ ಅಳಲಿಲ್ಲ. ಮಾತಿಲ್ಲ, ಊಟವಿಲ್ಲ, ಗೋಡೆಗೆ ಆತು ಕೂತವರು ಕೂತೇ ಇದ್ದರು. ಬಂದ ಹೆಂಗಸರೆಲ್ಲ ಅಂಜಿದರು. "ಅಳಸ್ರಿ, ಹೆಂಗಾರ ಮಾಡಿ ಅಳಸ್ರಿ. ಇಲ್ಲಾಂದ್ರ ಎದಿ ಒಡೀತೈತಿ."

ಮೂರನೇ ದಿನ ಮಧ್ಯಾಹ್ನ ಮುಂಡಗೋಡದಿಂದ ಬಂದಿದ್ದ ವೈನಿಯ ಅಣ್ಣನಿಗೆ ಪೆಟ್ಟಿಗೆ ಕಣ್ಣಿಗೆ ಬಿತ್ತು. ಗಂಡನನ್ನು ಕಣ್ಣಾರೆ ಕಂಡರೆ ಅಳು ಬಂದೀತು ಅಂದ. ನಾನೂ ಹೂಂ ಅಂದೆ. ನಾಲ್ಕು ಜನ ಹಿಡಿದು ವೈನಿಯನ್ನು ಎಬ್ಬಿಸಿ ಕಿಂಡಿಯ ಮುಂದೆ ನಿಲ್ಲಿಸಿದರು. ಅಣ್ಣ ಹಿಡಿಕೆ ತಿರುಗಿಸತೊಡಗಿದ.

ಮನೆಯಲ್ಲಿ ಸದ್ದಿಲ್ಲ, ಫೋಟೋಗಳ ಪಟಪಟ ಬಿಟ್ಟರೆ. ಸ್ವಲ್ಪ ಹೊತ್ತಿಗೆ ವೈನಿಯ ಭುಜ ನಡುಗಿತು. ಬೆನ್ನು ಕುಲುಕಿತು. "ಬಂತು, ಅಳು ಬಂತು" ಎಂದು ಹೆಂಗಸರು ಸೆರಗು ಕಣ್ಣಿಗೆ ಹಚ್ಚಿ ತಾವೇ ಮೊದಲು ಶುರು ಮಾಡಿದರು. ನನಗೂ ತಡೆಯಲಾಗಲಿಲ್ಲ.

ಕಣ್ಣೊರೆಸಿಕೊಂಡು ನೋಡುತ್ತೇನೆ, ಅಣ್ಣ ಹಿಡಿಕೆಯನ್ನು ಉಲ್ಟಾ ತಿರುಗಿಸುತ್ತಿದ್ದಾನೆ! ಅಂದರೆ ಒಳಗೆ ಹೆಡ್ ಆಪರೇಟರು ಬಾಯಿಂದ ತುತ್ತು ತೆಗೆತೆಗೆದು ತಟ್ಟೆಗೆ ಇಡುತ್ತಿದ್ದಾರೆ. ಖಾಲಿ ತಟ್ಟೆಯಲ್ಲಿ ಹೋಳಿಗೆ ತುಂಡುತುಂಡಾಗಿ ಬಂದು ಕೂಡಿಕೊಳ್ಳುತ್ತಿದೆ. ಕೊನೆಗೆ ತಟ್ಟೆಯ ತುಪ್ಪ ಧಾರೆಯಾಗಿ ಮೇಲೆದ್ದು ವೈನಿಯ ಮಿಳ್ಳಿಗೇ ವಾಪಸು ಹೋಗುತ್ತದೆ.

ನಾನು ಓಡಿಹೋಗಿ ಹಿಡಿಕೆ ಹಿಡಿದೆ. ವೈನಿ ತಲೆ ಎತ್ತಿದರು. ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು, ನಗು ಮಾತ್ರ ನಿಲ್ಲುತ್ತಿರಲಿಲ್ಲ. ಅಳುತ್ತಿದ್ದ ಹೆಂಗಸರೆಲ್ಲ ಬಾಯಿ ತೆರೆದು ನೋಡುವಾಗ, ವೈನಿ ಮೂರು ದಿನದ ಮೇಲೆ ಮೊದಲ ಸಲ ಬಾಯಿ ಬಿಟ್ಟರು:

"ನಲವತ್ತು ವರ್ಷ ಮಾಡಿ ಹಾಕೀನಿ, ಒಂದು ದಿನ 'ಸಾಕು' ಅನ್ನಲಿಲ್ಲ ಈ ಮನಿಷ್ಯಾ. ಈಗ ನೋಡ್ರಿ, ತುಪ್ಪಾ ಸೈತ ವಾಪಸ್ ಕೊಟ್ಟು ಹೋದರು!"