ಕಾಲು ಬಿಡದ ಪೆಡಲು

ಸಕಲೇಶಪುರ ತಾಲ್ಲೂಕಿನಲ್ಲಿ ಸೈಕಲ್ ಬಗ್ಗೆ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂಬುದರಲ್ಲಿ ಆಗ ನನಗೆ ಯಾವ ಸಂಶಯವೂ ಇರಲಿಲ್ಲ. ಪೇಟೆಯಲ್ಲಿ ನನ್ನದೊಂದು ಇಂಟರ್‌ನೆಟ್ ಅಂಗಡಿ ಇತ್ತು. ಹುಡುಗರು ರಿಸಲ್ಟ್ ನೋಡಲು ಬರುವ ದಿನ ಬಿಟ್ಟರೆ ಉಳಿದಂತೆ ಕಂಪ್ಯೂಟರ್ ಮುಂದೆ ನಾನೊಬ್ಬನೇ. ಹಾಗೆ ಕೂತು ಕೂತು, ಪರದೇಶದ ಸೈಕಲ್ ಹುಚ್ಚರ ಚರ್ಚೆಗಳನ್ನೆಲ್ಲ ಓದಿ ನನಗೂ ಹುಚ್ಚು ಹಿಡಿಯಿತು.

ಅವರು ಕೊಂಡಾಡುತ್ತಿದ್ದದ್ದು ಫಿಕ್ಸೆಡ್ ಗೇರ್ ಸೈಕಲ್. ಅದಕ್ಕೆ ಫ್ರೀವೀಲ್ ಇಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ, ಅದರ ಜೊತೆಗೆ ಕಾಲೂ ತಿರುಗಲೇಬೇಕು. ಇಳಿಜಾರಿನಲ್ಲಿ ಕಾಲು ನಿಲ್ಲಿಸಿ ಹಾಯಾಗಿ ಕೂರುವ ಹಾಗಿಲ್ಲ. ನಿಮ್ಮೂರಿನ ರಸ್ತೆ ಹೇಗಿದೆ ಎಂದು ಅಲ್ಲೊಬ್ಬ ಪುಣ್ಯಾತ್ಮ ಕೇಳಿದ. ಸ್ವಲ್ಪ ಏರಿಳಿತ ಇದೆ ಎಂದು ಬರೆದೆ. ಶಿರಾಡಿ ಘಾಟಿಯ ನೆತ್ತಿಯ ಮೇಲೆ ಕೂತು ಬರೆದ ಉತ್ತರ ಅದು!

ಬಿಡಿಭಾಗಗಳನ್ನು ಮಂಗಳೂರಿನ ಗೆಳೆಯನ ಕೈಲಿ ತರಿಸಿದೆ. ಅಲ್ಯೂಮಿನಿಯಂ ಫ್ರೇಮು, ಬೆರಳಗಲದ ಟೈರು, ಕಡಿಮೆ ಕಡ್ಡಿಗಳ ಚಕ್ರ. ಒಂದೊಂದನ್ನೂ ಕಾಳುಮೆಣಸು ತೂಗುವ ತಕ್ಕಡಿಯಲ್ಲಿಟ್ಟು ತೂಗಿದೆ. ಕ್ಯಾರಿಯರ್ ಭಾರ, ಬೇಡ. ಸ್ಟ್ಯಾಂಡು, ಮಡ್‌ಗಾರ್ಡು, ಬೆಲ್ಲು, ಒಂದೂ ಬೇಡ. ಕಾಲು ಬಿಗಿಹಿಡಿದರೆ ಚಕ್ರವೂ ನಿಲ್ಲುತ್ತದೆ; ಕಾಲೇ ಬ್ರೇಕ್ ಆಗಿರುವಾಗ ಹಿಂದಿನ ಬ್ರೇಕ್ ಏಕೆ? ಅದನ್ನೂ ಬಿಟ್ಟೆ. ಮುಂದಿನ ಬ್ರೇಕಿಗೆ ಕೈ ಹಾಕಿದಾಗ ಹೆಂಡತಿ ಸುಮ ಅಡ್ಡ ಬಂದಳು.

"ಅದೊಂದು ಇರ್ಲಿ ಕಣ್ರೀ. ಅದ್ನೂ ಬಿಚ್ಚಿದ್ರೆ ಆಮೇಲೆ ನನ್ ತಾಳಿನೂ ಬಿಚ್ಚಿಡ್ಬೇಕಾಯ್ತದೆ" ಎಂದಳು.

ಬ್ರೇಕ್ ಉಳಿಯಿತು. ನಾನೂ ಉಳಿದೆ. ಆ ಮಾತಿಗೆ ನಾನು ಇವತ್ತಿಗೂ ಅವಳಿಗೆ ಋಣಿ.

ಹೆಚ್ಚು ತಲೆ ಕೆಡಿಸಿಕೊಂಡದ್ದು ಪೆಡಲಿಗೆ. ಬೂಟಿನ ಅಡಿಯಲ್ಲೊಂದು ಲೋಹದ ತುಂಡು; ಪೆಡಲಿನ ಮೇಲೆ ಒತ್ತಿದರೆ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಚಿದರೆ ಬಿಡುತ್ತದೆ. ಎಷ್ಟು ಬಿಗಿಯಾಗಿ ಕಚ್ಚಬೇಕು ಎಂಬುದಕ್ಕೆ ಒಂದು ತಿರುಪು. ರೇಸಿನವರು ಬಿಗಿಯಾಗಿಡುತ್ತಾರೆ ಎಂದು ಓದಿದ್ದೆ. ರೇಸಿನವರಿಗಿಂತ ನಾನೇನು ಕಡಿಮೆ ಎಂದು ಪೂರ್ತಿ ತಿರುಗಿಸಿಬಿಟ್ಟೆ. ಮನೆ ಮುಂದಿನ ಸಿಲ್ವರ್ ಓಕ್ ಮರವನ್ನು ತಬ್ಬಿಕೊಂಡು ಕಾಲು ಬಿಡಿಸುವ ಅಭ್ಯಾಸವನ್ನೂ ಮಾಡಿದೆ. ಮರ ತಬ್ಬಿಕೊಂಡಿದ್ದಾಗ ಕಾಲು ಬಹಳ ಚೆನ್ನಾಗಿ ಬಿಡುತ್ತಿತ್ತು.

ಅದೇ ವಾರ ನನ್ನ ತಂಗಿ ಪದ್ಮಳ ಮದುವೆಯ ಮಾತುಕತೆಗೆ ಆಲೂರು ಕಡೆಯ ಗಂಡಿನವರು ಬರುವುದಿತ್ತು. ಅಪ್ಪ ತೀರಿಕೊಂಡಿದ್ದರಿಂದ ಹೊಣೆ ನನ್ನದು. ಪದ್ಮ ವನಗೂರಿನ ಶಾಲೆಯಲ್ಲಿ ಟೀಚರ್. ಅವಳನ್ನು ನೋಡಿ ಹೋದವರಲ್ಲಿ, ಕೆಲಸ ಬಿಡುವುದು ಬೇಡ ಎಂದವನು ಈ ಆಲೂರು ಕಡೆಯ ಹುಡುಗ ಮಂಜುನಾಥ ಒಬ್ಬನೇ. ಈ ಸಂಬಂಧ ಕೂಡಿಬರಲಿ ಎಂದು ಅವಳು ಎಷ್ಟು ಆಸೆಪಟ್ಟಿದ್ದಳೆಂದು ಅವಳು ಹೇಳದೆಯೇ ನಮಗೆ ಗೊತ್ತಿತ್ತು. ಆದರೆ ಕೊನೆಯ ಮಾತು ಹುಡುಗನ ದೊಡ್ಡಪ್ಪ ತಿಮ್ಮೇಗೌಡರದು. ಅವರು ಮರ್ಯಾದೆಯ ವಿಷಯದಲ್ಲಿ ಬಲು ಖಡಕ್ಕು. ಹೆಣ್ಣಿನ ಅಣ್ಣ ತಮ್ಮೆದುರು ಕಾಲ ಮೇಲೆ ಕಾಲು ಹಾಕಿ ಕೂತನೆಂದು ಹಿಂದೊಂದು ಸಂಬಂಧವನ್ನೇ ಬೇಡವೆಂದು ಎದ್ದು ಬಂದವರು. ನಮ್ಮ ಕಡೆ ಹಿರಿಯರು ಎದುರಾದರೆ ಸೈಕಲ್ಲಿಂದ ಇಳಿಯುವುದು ರೂಢಿ. ಇಳಿಯದವನನ್ನು ಊರೆಲ್ಲ ಆಡಿಕೊಳ್ಳುತ್ತದೆ.

ಗಂಡಿನವರು ಇನ್ನೇನು ಬರುತ್ತಾರೆ ಎನ್ನುವಾಗ ಮನೆಯಲ್ಲಿ ವೀಳ್ಯದೆಲೆ ಇಲ್ಲವೆಂದು ಗೊತ್ತಾಯಿತು. ಎಲೆ ಅಡಿಕೆ ಬದಲಾಯಿಸದೆ ಮಾತು ಮುಗಿದಂತಾಗುವುದಿಲ್ಲ. ತರಬೇಕಾಗಿದ್ದವನು ನಾನು. ಚೈನಿಗೆ ಎಣ್ಣೆ ಬಿಡುವ ಭರದಲ್ಲಿ ಮರೆತಿದ್ದೆ. ಪಕ್ಕದ ಎಸ್ಟೇಟಿನ ಜೀಪ್ ಕೇಳಿ ಎಂದಳು ಸುಮ. ಜೀಪ್ ಸ್ಟಾರ್ಟ್ ಆಗುವಷ್ಟರಲ್ಲಿ ನಾನು ವಾಪಸ್ ಬಂದಿರುತ್ತೇನೆ ಎಂದು ಬೂಟು ಹಾಕಿಕೊಂಡೆ.

ನಮ್ಮ ಮನೆ ಆನೇಮಹಲಿನ ಹೆದ್ದಾರಿಯಿಂದ ಕೆಳಕ್ಕೆ. ಹೋಗುವಾಗ ಪೂರ್ತಿ ಏರು. ಲೋಕದ ಅತ್ಯುತ್ತಮ ಪೆಡಲುಗಳಿದ್ದ ಸೈಕಲ್ಲನ್ನು ಮೇಲಿನವರೆಗೂ ತಳ್ಳಿಕೊಂಡೇ ಹೋದೆ! ಹೆದ್ದಾರಿ ಬದಿಯ ಅಂಗಡಿಯಲ್ಲಿ ಎಲೆ ಕೊಂಡೆ. ಕ್ಯಾರಿಯರ್ ಇಲ್ಲದ್ದರಿಂದ ಕಟ್ಟನ್ನು ಅಂಗಿಯೊಳಗೆ ಸೇರಿಸಿ, ಬೂಟನ್ನು ಟಕ್ ಟಕ್ ಎಂದು ಕೂರಿಸಿ ಹೊರಟೆ.

ಮೊದಲ ತಿರುವಿನವರೆಗೆ ಸೈಕಲ್ಲನ್ನು ನಾನು ಓಡಿಸಿದೆ. ಆಮೇಲೆ ಅದು ನನ್ನನ್ನು ಓಡಿಸಿತು. ಕಾಲುಗಳು ಯಾರದೋ ಎಂಬಂತೆ ಗಿರಗಿರ ತಿರುಗುತ್ತಿದ್ದವು. ಎರಡನೇ ತಿರುವು ದಾಟಿದರೆ ನಾನು ಎಲೆ ಕೊಳ್ಳುವಾಗ ಹಾದು ಬಂದಿದ್ದ ಗಂಡಿನವರ ಜೀಪು ಎದುರಿಗೆ ನಿಂತಿದೆ. ತಿರುವುಗಳಿಗೆ ಹೊಟ್ಟೆ ತೊಳೆಸಿ ಕೆಳಗಿಳಿದಿದ್ದ ತಿಮ್ಮೇಗೌಡರು ರಸ್ತೆ ಬದಿಯಲ್ಲಿ ಗಾಳಿ ಕುಡಿಯುತ್ತಿದ್ದಾರೆ.

ಪಕ್ಕದಲ್ಲಿ ನುಗ್ಗಿ ಮನೆ ಸೇರಬಹುದಿತ್ತು. ಆದರೆ ಹೆಣ್ಣಿನ ಅಣ್ಣ ಸೈಕಲ್ಲಿಂದ ಇಳಿಯದೆ ಹೋದ ಎಂದಾಗುತ್ತದೆ. ಪದ್ಮಳ ಮುಖ ಕಣ್ಮುಂದೆ ಬಂತು. ಇದ್ದೊಂದು ಬ್ರೇಕ್ ಹಿಡಿದೆ. ಸೈಕಲ್ ಕಿರುಚುತ್ತಾ ನಿಧಾನವಾಯಿತು. ಹಿಮ್ಮಡಿ ತಿರುಚಿದೆ. ಬಿಡಲಿಲ್ಲ. ಇನ್ನೊಂದನ್ನು ತಿರುಚಿದೆ. ಅದೂ ಬಿಡಲಿಲ್ಲ. ತಬ್ಬಿಕೊಳ್ಳಲು ಮರವಿರಲಿಲ್ಲ. ಸೈಕಲ್ ಗೌಡರೆದುರು ಸರಿಯಾಗಿ ನಿಂತಿತು, ಕ್ಷಣಕಾಲ ಯೋಚಿಸಿತು, ಆಮೇಲೆ ನನ್ನ ಸಮೇತ ಅವರ ಪಾದದ ಬಳಿ ಮಲಗಿತು. ಬಿದ್ದ ರಭಸಕ್ಕೆ ಅಂಗಿಯ ಗುಂಡಿ ಕಿತ್ತು ವೀಳ್ಯದೆಲೆಯೆಲ್ಲ ಅವರ ಪಾದದ ಮೇಲೆ ಹರಡಿತು.

"ಅಯ್ಯೋ, ಏಳಪ್ಪ" ಎಂದು ಗೌಡರು ಹಿಂದೆ ಸರಿದರು. ಏಳುವುದು ಹೇಗೆ? ಎರಡೂ ಕಾಲು ಪೆಡಲಿನ ವಶದಲ್ಲಿವೆ. ಉಸಿರೂ ಬರುತ್ತಿಲ್ಲ. ಸುಮ್ಮನೆ ಮಲಗಿದ್ದೆ.

ಜೀಪಿನಲ್ಲಿದ್ದ ಅವರ ತಂಗಿ, "ನೀವು ಒಪ್ಪೋಗಂಟ ಏಳಕ್ಕಿಲ್ಲ ಅಂತ ಕಾಣ್ತದೆ ಅಣ್ಣ" ಎಂದರು.

ಗೌಡರು ಕಾಲಿಗಂಟಿದ್ದ ಎಲೆಯೊಂದನ್ನು ಬಗ್ಗಿ ತೆಗೆದರು. "ಒಪ್ಕಂಡೆ ಕಣಪ್ಪ. ಎದ್ದೇಳು" ಎಂದರು.

ಆಗಲೂ ನಾನು ಏಳಲಿಲ್ಲ. ಆಗ ಮಂಜುನಾಥ ಜೀಪಿನಿಂದ ಇಳಿದು ಬಂದು ಬಗ್ಗಿ ನೋಡಿದ. ತುಟಿ ಕಚ್ಚಿ ನಗು ತಡೆದು, "ಸುಮ್ನಿರಿ ಭಾವ" ಎಂದು ಪಿಸುಗುಟ್ಟಿ ಬೂಟಿನ ಪಟ್ಟಿ ಬಿಚ್ಚಿದ. ಬೂಟುಗಳು ಪೆಡಲಿನಲ್ಲೇ ಉಳಿದವು, ನಾನು ಬರಿಗಾಲಲ್ಲಿ ಎದ್ದು ನಿಂತೆ. ಕೆರ ಬಿಟ್ಟು ಅಡ್ಡಬಿದ್ದನಲ್ಲ, ಎಂಥ ಸಂಸ್ಕಾರ ಎಂದು ಅದೇ ಹೆಂಗಸು ಮೆಚ್ಚಿಕೊಂಡರು.

ಮಣ್ಣು ಕೊಡವಿದ ಎಲೆಗಳಲ್ಲೇ ಎಲೆ ಅಡಿಕೆ ಬದಲಾಯಿತು. ಪದ್ಮ ಒಳಕೋಣೆಯ ಬಾಗಿಲಲ್ಲಿ ನಿಂತು ಅಳುತ್ತಾ ನಗುತ್ತಿದ್ದಳು. ಹೊರಡುವಾಗ ಗೌಡರು ನನ್ನನ್ನು ಅಂಗಳದ ಮೂಲೆಗೆ ಕರೆದರು.

"ನಂಗೂ ಕಣ್ ಕಾಣ್ತದೆ ಕಣಪ್ಪ. ಆ ಸೈಕಲ್ಲು ಬಿಡ್ನಿಲ್ಲ ನಿನ್ನ. ಆದ್ರೂ ತಂಗಿಗೋಸ್ಕರ ಇಳೀಬೇಕು ಅಂತ ಒದ್ದಾಡಿದ್ಯಲ್ಲ, ನಂಗೆ ಅಷ್ಟೇ ಸಾಕು. ಬ್ಯಾರೆ ಯಾರ್ಗೂ ಯೋಳಕ್ಕೋಗಲ್ಲ."

ನನ್ನ ಮಾನ ಉಳಿಸಿ, ತಂಗಿಯ ಮದುವೆಗೆ ಹೂಂ ಅಂದ ಆ ಹಿರಿಯರ ಕಾಲಿಗೆ ಈಗ ನಿಜವಾಗಿ, ಮನಸಾರೆ ಅಡ್ಡಬೀಳಬೇಕು ಅನ್ನಿಸಿತು. ಕೈ ಮುಗಿದು ಬಗ್ಗಲು ಹೋದೆ.

ಸೊಂಟ ಬಗ್ಗಲಿಲ್ಲ!