ಮಾವನ ಹಳೆ ಪೈಸೆ, ಅತ್ತೆಯ ಗಡುವು

ಇದನ್ನು ಯಾರ ಹತ್ರವೂ ಹೇಳ್ಬಾರ್ದು ಅಂತ ಮಾವ ನನ್ನ ಹತ್ರ ಮೂರು ಸಲ ಆಣೆ ಹಾಕಿಸಿದ್ದಾರೆ. ನಾನು ಹೇಳುದೂ ಇಲ್ಲ. ನಾಲ್ಕು ಜನ ಇರುವಲ್ಲಿ ನನಗೆ ಬಾಯಿ ಬಿಡ್ಲಿಕ್ಕೇ ಆಗುದಿಲ್ಲ. ಕ್ಲಾಸಿನಲ್ಲಿ ಹಾಜರಿ ಕರೆದ್ರೆ ನಾನು "ಎಸ್ ಸರ್" ಅನ್ನುವಷ್ಟರಲ್ಲಿ ಸರ್ ಎರಡು ಹೆಸರು ಮುಂದೆ ಹೋಗಿರ್ತಾರೆ. ಆದ್ರೆ ಬರೀಬಾರ್ದು ಅಂತ ಆಣೆ ಹಾಕಿಸ್ಲಿಲ್ಲ. ಮಾವನ ಮನೆಯಲ್ಲಿ ಇಂಥದ್ದು ವಾರಕ್ಕೊಂದು ಆಗ್ತಾ ಇರ್ತದೆ, ಎಷ್ಟಂತ ಹೊಟ್ಟೆಯಲ್ಲಿ ಇಟ್ಟುಕೊಳ್ಳುದು?

ಮಾವ ಅಂದ್ರೆ ಅಮ್ಮನ ಅಣ್ಣ. ವಾಮದಪದವಿನಲ್ಲಿ ಟೈಲರ್. ನಾನು ಅವರ ಮನೆಯಲ್ಲಿದ್ದು ಮೂಡುಬಿದಿರೆಯ ಕಾಲೇಜಿಗೆ ಹೋಗಿ ಬರುದು. ಹೋದ ವರ್ಷ ಯಾರೋ ಅವರ ಮೊಬೈಲಿಗೆ ಒಂದು ವೀಡಿಯೋ ಕಳಿಸಿದ್ರು, ಹಳೆ ಪೈಸೆ ಇಟ್ಟುಕೊಂಡವರು ಲಕ್ಷಾಧಿಪತಿ ಆಗ್ತಾರೆ ಅಂತ. ಮರುದಿನವೇ ಮಾವ ಸಂಗ್ರಹ ಸುರು ಮಾಡಿದ್ರು. "ಇದು ಹವ್ಯಾಸ ಅಲ್ಲ ಮಗಾ, ಇನ್ವೆಸ್ಟ್‌ಮೆಂಟ್" ಅಂದ್ರು.

ನಾನು ಲೈಬ್ರರಿಯಿಂದ ನಾಣ್ಯದ ಪುಸ್ತಕ ತಂದು ಓದಿ, ಒಂದೊಂದರ ಇಸವಿ, ಗುರುತು ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುದು. ನನ್ನ ಹತ್ರ ಒಂದು ಪ್ರಶ್ನೆ ಕೇಳಿ, ಉತ್ತರ ಮುಗಿಯುವವರೆಗೆ ಕಾದು ಕೂರುವವರು ಈ ಲೋಕದಲ್ಲಿ ಮಾವ ಒಬ್ಬರೇ. ಹಾಗಾಗಿ ಆ ಪೈಸೆಯ ಡಬ್ಬ ಅವರಿಗೆ ಎಷ್ಟು ಬೇಕಿತ್ತೋ ನನಗೂ ಅಷ್ಟೇ ಬೇಕಿತ್ತು.

ಬಟನ್ ಡ್ರಾಯರ್

ಮೊದಲು ಮಾವ ಪೈಸೆಗಳನ್ನು ಇಟ್ಟದ್ದು ಅಂಗಡಿಯ ಬಟನ್ ಡ್ರಾಯರಿನಲ್ಲಿ. ಅದರಲ್ಲಿ ಸಣ್ಣ ಸಣ್ಣ ಖಾನೆ ಉಂಟಲ್ಲ, ಜಾತಿ ಪ್ರಕಾರ ಬೇರೆ ಬೇರೆ ಇಡ್ಲಿಕ್ಕೆ ಸುಲಭ. ಕಳ್ಳ ಬಂದ್ರೂ ಬಟನ್ ಅಂತ ಬಿಟ್ಟು ಹೋಗ್ತಾನೆ ಅಂತ ಲೆಕ್ಕ.

ಒಂದು ದಿನ ಒಬ್ಬರು ಹೆಂಗಸು ಮಗಳಿಗೆ ಟಾಪ್ ಹೊಲಿಸ್ಲಿಕ್ಕೆ ಬಂದ್ರು. ಡ್ರಾಯರಿನಲ್ಲಿ ಕೈಯಾಡಿಸಿ, ನಡುವಲ್ಲಿ ದೊಡ್ಡ ತೂತು, ನಮ್ಮ ಭಾಷೆಯಲ್ಲಿ ಒಟ್ಟೆ, ಇರುವ ಹಳೆ ಪೈಸೆಯೊಂದನ್ನು ತೆಗೆದು, "ಇದು ಚಂದ ಉಂಟು. ಇದನ್ನೇ ಆರು ಹಾಕಿ" ಅಂದ್ರು.

ಮಾವನ ಬಾಯಿಂದ ಸೂಜಿ ಬಿತ್ತು. "ಅಕ್ಕಾ, ಅದು ಬಟನ್ ಅಲ್ಲ! ಬ್ರಿಟಿಷರ ಕಾಲದ್ದು!"

"ಅಷ್ಟು ಹಳೆ ಸ್ಟಾಕಾ? ಹಾಗಾದ್ರೆ ಕಡಿಮೆ ಮಾಡಿ ಕೊಡಿ."

ಆ ಸಂಜೆಯೇ ಪೈಸೆಗಳು ಬಿಸ್ಕುಟಿನ ಡಬ್ಬದಲ್ಲಿ ಕೂತು ಮನೆಗೆ ಬಂದವು.

ನಾರಾವಿಯ ಪಂಪು

ನಾರಾವಿಯಲ್ಲಿ ಒಬ್ಬರು ಅಜ್ಜನ ಹತ್ರ ಇಸವಿ ಸರಿಯಾಗಿ ಕಾಣುವ ಒಟ್ಟೆ ಪೈಸೆ ಉಂಟು ಅಂತ ಸುದ್ದಿ ಸಿಕ್ಕಿತು. ಭಾನುವಾರ ಬಸ್ಸು ಹತ್ತಿ ಹೋದೆವು.

ಅಜ್ಜ ಹೇಳಿದ್ರು, "ಪೈಸೆ ಉಂಟು. ಆದ್ರೆ ಅದು ಕೆಲಸದಲ್ಲಿ ಉಂಟು."

ಹಿಂದೆ ಕೊಟ್ಟಿಗೆಗೆ ಕರ್ಕೊಂಡು ಹೋಗಿ ತೋರಿಸಿದ್ರು. ಮಳೆಗಾಲದಲ್ಲಿ ಅಡಿಕೆ ಮರಕ್ಕೆ ಮದ್ದು ಬಿಡುವ ಹಳೆ ಕೈಪಂಪು. ಅದರ ಬೋಲ್ಟಿನ ಅಡಿಯಲ್ಲಿ ವಾಶರ್ ಆಗಿ ನಮ್ಮ ಪೈಸೆ ಕೂತಿತ್ತು. ಅಜ್ಜನ ಅಪ್ಪ ಹಾಕಿದ್ದಂತೆ.

ಮಾವ ಹೇಳಿದ್ರು, "ಅಜ್ಜಾ, ನಾನು ಒಂದು ಡಜನ್ ಹೊಸ ವಾಶರ್ ತಂದು ಕೊಡ್ತೇನೆ. ಇದನ್ನು ಬಿಚ್ಚುವ."

"ಹೊಸತು ಎರಡು ಮಳೆಗಾಲ ಬಾಳಿಕೆ ಬರುದಿಲ್ಲ ಮಾರಾಯ್ರೆ. ಇದು ನನ್ನ ಮದುವೆಗಿಂತ ಹಳತು, ಒಂದು ಹನಿ ಲೀಕ್ ಆಗ್ಲಿಲ್ಲ."

ಆದ್ರೂ ಬಿಚ್ಚಿ ನೋಡುವ ಅಂತ ಇಬ್ಬರೂ ಸೇರಿ ತಿರುಗಿಸಿದ್ರು. ಬೋಲ್ಟು ತುಕ್ಕು ಹಿಡಿದು ಒಂದೇ ಆಗಿತ್ತು. ಕಡೆಗೆ ಅಜ್ಜ ಸೋತು, "ಬೇಕಾದ್ರೆ ಪಂಪು ಸಮೇತ ತೆಗೊಂಡು ಹೋಗಿ" ಅಂದ್ರು. ಮಾವ ತೆಗೊಂಡ್ರು. ಬಸ್ಸಿನಲ್ಲಿ ಪಂಪಿಗೂ ಟಿಕೆಟ್ ಮಾಡಿಸಿ, ಸೀಟಿನಲ್ಲಿ ಅದನ್ನು ಕೂರಿಸಿ, ನಾನು ನಿಂತುಕೊಂಡು ಬಂದೆ.

ಅತ್ತೆ ಜಗಲಿಯಲ್ಲೇ ಇದ್ರು. "ಎಂತ ತಂದದ್ದು?"

"ಒಂದು ಪೈಸೆ" ಅಂದ್ರು ಮಾವ.

ಅತ್ತೆ ಪಂಪನ್ನು ಮೇಲಿಂದ ಕೆಳಗೆ ನೋಡಿದ್ರು. "ಇನ್ನು ನೀವು ಒಂದು ರೂಪಾಯಿ ತರುದಾದ್ರೆ ಲಾರಿ ಮಾಡ್ಬೇಕು."

ಆ ದಿನವೇ ಗಡುವು ಬಂತು. "ಚೌತಿಯ ಒಳಗೆ ಒಂದೇ ಒಂದು ಪೈಸೆ ಮಾರಿ ತೋರಿಸಿ. ಆಗ್ಲಿಲ್ಲ ಅಂದ್ರೆ ಡಬ್ಬ ಸಮೇತ ದೇವಸ್ಥಾನದ ಹುಂಡಿಗೆ."

"ಹುಂಡಿಗೆ ಹಾಕಿದ್ರೆ ದೇವರಿಗೆ ಎಂತ ಲಾಭ? ನಡೆಯದ ನಾಣ್ಯ ಅದು!"

"ಅದನ್ನೇ ಅಲ್ವಾ ನಾನು ಒಂದು ವರ್ಷದಿಂದ ಹೇಳುದು?"

ಕರೆದ್ರಾ?

ಅತ್ತೆ ಹೇಳಿದ್ದನ್ನು ಮಾಡುವವರೇ. ನನಗೆ ಹೆದರಿಕೆ ಆಯ್ತು. ಮೂಡುಬಿದಿರೆಯಲ್ಲಿ ಎರಡು ದಿನ ನಾಣ್ಯ ಪ್ರದರ್ಶನ ಉಂಟು, ಬೆಂಗಳೂರಿನ ವ್ಯಾಪಾರಿ ಬರ್ತಾರೆ ಅಂತ ಕಾಲೇಜಿನ ಗೋಡೆಯಲ್ಲಿ ಚೀಟಿ ನೋಡಿ ಮಾವನಿಗೆ ಹೇಳಿದೆ. ಡಬ್ಬ ಹಿಡ್ಕೊಂಡು ಹೋದೆವು.

ವ್ಯಾಪಾರಿ ಒಂದೊಂದನ್ನೇ ಮಗುಚಿ ನೋಡಿ, "ಸರ್, ಇವೆಲ್ಲಾ ಕಾಮನ್. ಬೇಕಿದ್ರೆ ತೂಕಕ್ಕೆ ತಗೋತೀನಿ" ಅಂದ್ರು.

ತೂಕಕ್ಕೆ! ಮಾವ ಡಬ್ಬದ ಮುಚ್ಚಳ ಹಾಕಿ, ನನ್ನ ಕೈ ಹಿಡಿದು ಹೊರಟೇ ಬಿಟ್ರು. ನಾಲ್ಕು ಹೆಜ್ಜೆ ಆದ ಮೇಲೆ ಮೆಲ್ಲ ಹೇಳಿದ್ರು, "ತಿರುಗಿ ನೋಡ್ಬೇಡ. ಈಗ ಕರೀತಾರೆ."

ಮೀನಿನ ಮಾರ್ಕೆಟಿನಲ್ಲಿ ಮಾವ ಕ್ರಯ ಮಾಡುವ ಕ್ರಮ ಇದೇ. ರೇಟು ಸರಿಯಾಗದಿದ್ರೆ ಹೊರಟು ಹೋಗುದು, ಮೀನು ಮಾರುವ ಹೆಂಗಸು "ಬನ್ನಿ ಅಣ್ಣಾ, ಬನ್ನಿ" ಅಂತ ಕರೆಯುದು.

ಹಾಲ್ ದಾಟಿದೆವು. "ಕರೆದ್ರಾ?" "ಇಲ್ಲ ಮಾವ." ಗೇಟು ದಾಟಿದೆವು. "ಕರೆದ್ರಾ?" "ಇಲ್ಲ." ಬಸ್‌ಸ್ಟ್ಯಾಂಡ್ ಬಂತು. ಬಸ್ಸು ಹತ್ತಿ ಕೂತೆವು. ಬಸ್ಸು ಹೊರಟ ಮೇಲೂ ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿಯೇ ಇದ್ರು. ಕಂಡಕ್ಟರ್ ಕೇಳಿದ್ರು, "ಎಂತ ಮಾರಾಯ್ರೆ, ವಾಂತಿಯಾ?"

ಬೆಳ್ತಂಗಡಿಯ ಮಾಷ್ಟ್ರು

ಚೌತಿಗೆ ಮೂರೇ ದಿನ ಇತ್ತು. ಬೆಳ್ತಂಗಡಿಯಲ್ಲಿ ರಿಟೈರ್ ಆದ ಒಬ್ಬರು ಮಾಷ್ಟ್ರು ಹಳೆ ತಾಮ್ರದ ನಾಣ್ಯ ತೆಗೊಳ್ತಾರೆ ಅಂತ ಪ್ರದರ್ಶನದ ಚೀಟಿಯಲ್ಲಿ ನಂಬರ್ ಇತ್ತು. ಫೋನ್ ಮಾಡ್ಲಿಕ್ಕೆ ನನಗೆ ಧೈರ್ಯ ಇಲ್ಲ. ನೋಟ್‌ಬುಕ್ಕಿನ ಪಟ್ಟಿಯ ಫೋಟೋ ತೆಗೆದು, ಅಡಿಯಲ್ಲಿ ನನ್ನ ಹೆಸರು, ಮಾವನ ನಂಬರ್, ಮನೆಯ ವಿಳಾಸ ಬರೆದು ಕಳಿಸಿ, ಮೊಬೈಲನ್ನು ದಿಂಬಿನ ಅಡಿಯಲ್ಲಿ ಇಟ್ಟೆ.

ಅರ್ಧ ಗಂಟೆಯಲ್ಲಿ ಮಾವನಿಗೆ ಫೋನ್ ಬಂತು. "ಪಟ್ಟಿ ಮಾಡಿದ ಹುಡುಗಿಗೆ ಶಾಭಾಸ್ ಹೇಳಿ. ಹನ್ನೊಂದನೆಯ ಪೈಸೆ ನನಗೆ ಬೇಕು, ಭಾನುವಾರ ಹತ್ತಕ್ಕೆ ಬರ್ತೇನೆ. ಒಂದೇ ಒಂದು ಪ್ರಶ್ನೆ. ತೊಳೀಲಿಲ್ಲ ಅಲ್ವಾ?"

"ಅಯ್ಯೋ, ನೀರು ಸಹ ಮುಟ್ಟಿಸ್ಲಿಲ್ಲ ಮಾಷ್ಟ್ರೇ" ಅಂದ್ರು ಮಾವ. ಪುಸ್ತಕದಲ್ಲೂ ಅದೇ ಉಂಟು. ತಾಮ್ರದ ಮೇಲೆ ಕೂತ ಕಪ್ಪೇ ಅದರ ವಯಸ್ಸು. ಅದನ್ನು ತಿಕ್ಕಿ ತೆಗೆದ್ರೆ ಬೆಲೆಯೂ ತೊಳೆದ ನೀರಿನ ಜೊತೆಗೆ ಹೋಯ್ತು. ಇದು ನನಗೆ ಗೊತ್ತಿತ್ತು, ಮಾವನಿಗೆ ಗೊತ್ತಿತ್ತು. ಅತ್ತೆಗೆ ನಾವು ಹೇಳಿದ್ದು ಇಷ್ಟೇ: "ಭಾನುವಾರ ಒಬ್ಬರು ದೊಡ್ಡ ಮನುಷ್ಯರು ಪೈಸೆ ನೋಡ್ಲಿಕ್ಕೆ ಮನೆಗೆ ಬರ್ತಾರೆ."

ಮನೆಗೆ ಜನ ಬರ್ತಾರೆ ಅಂದ್ರೆ ಅತ್ತೆ ಬೆಳಿಗ್ಗೆ ಐದಕ್ಕೆ ಎದ್ದು ದೀಪ, ಚೆಂಬು, ಹರಿವಾಣ ಎಲ್ಲ ತಿಕ್ಕದೆ ಇರುವವರಲ್ಲ.

ಭಾನುವಾರ ಮಾವ ಬಾಳೆಹಣ್ಣು ತರ್ಲಿಕ್ಕೆ ಹೋಗಿದ್ರು. ವಾಪಸ್ ಬರುವಾಗ ಚಾವಡಿಯಲ್ಲಿ ಹಿತ್ತಾಳೆ ಹರಿವಾಣ, ಸುತ್ತ ದಾಸವಾಳ, ನಡುವೆ ಮೂವತ್ತೆಂಟು ಪೈಸೆಗಳು. ಒಂದೊಂದೂ ಈಗಷ್ಟೇ ಹುಟ್ಟಿದ ಹಾಗೆ ಫಳಫಳ. ನಾನು ಏಳುವಾಗಲೇ ಎಲ್ಲ ತಿಕ್ಕಿ ಆಗಿತ್ತು, ಬಾಗಿಲ ಹತ್ರ ನಿಂತು ಅಳ್ತಾ ಇದ್ದೆ.

ಅತ್ತೆ ಖುಷಿಯಲ್ಲಿ ಕೈ ಚಾಚಿ ತೋರಿಸಿದ್ರು. "ನೋಡಿ, ಬೆರಳಿನ ಚರ್ಮ ಎದ್ದು ಹೋಗಿದೆ. ಅಷ್ಟು ಕೊಳಕು ಇಟ್ಟುಕೊಂಡ್ರೆ ಯಾರು ತೆಗೊಳ್ತಾರೆ ಮಾರಾಯ್ರೆ? ಒಂದು ಮಾರಿ ಹೋಗ್ಲಿ ಅಂತ ನನಗೂ ಆಸೆ ಇಲ್ವಾ?"

ಪೈಸೆಯಿಂದ ಹೋದ ಕಪ್ಪೆಲ್ಲ ಮಾವನ ಮುಖಕ್ಕೆ ಬಂದಿತ್ತು. ಆ ಬೆರಳು ನೋಡಿ ಬೈಲಿಕ್ಕೆ ಅವರಿಗೆ ಬಾಯಿ ಬರ್ಲಿಲ್ಲ. ಹಾಗಾಗಿ ನಾನೇ ಹೇಳಿದೆ. ಕಪ್ಪು ಅಂದ್ರೆ ಎಂತ, ಹನ್ನೊಂದನೆಯ ಪೈಸೆ ಅಂದ್ರೆ ಎಂತ, ಎಲ್ಲ. ಆ ಮನೆಯಲ್ಲಿ ನಾನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಅತ್ತೆ ಮೆಲ್ಲ ನೆಲದಲ್ಲಿ ಕೂತ್ರು.

ಆಗ ಗೇಟಿನ ಶಬ್ದ ಆಯ್ತು. ಮಾವ ಓಡಿ ಹೋಗಿ ಬಾಗಿಲು ಹಾಕಿ ಚಿಲಕ ಜಡಿದ್ರು.

"ಯಾರಿದ್ದೀರಿ?" ಮಾಷ್ಟ್ರ ಸ್ವರ.

ಅಷ್ಟರಲ್ಲಿ ಮಾವನ ಮೊಬೈಲ್ ರಿಂಗ್ ಆಯ್ತು. ಅವರ ರಿಂಗ್‌ಟೋನ್ ಚೆಂಡೆ, ಮೂರು ಮನೆಗೆ ಕೇಳ್ತದೆ. ಮಾವ ಅದರ ಮೇಲೆ ಕೂತ್ರು. ಚೆಂಡೆ ಅಡಿಯಿಂದ ಬಡೀತಾ ಇತ್ತು.

"ಬಂದವರಿಗೆ ಒಂದು ಲೋಟ ನೀರು ಸಹ ಕೇಳದೆ ಕಳಿಸುದಾ?" ಅತ್ತೆ ಪಿಸುಗುಟ್ಟಿದ್ರು.

"ನೀರು ಕೊಡ್ಲಿಕ್ಕೆ ಹೋದ್ರೆ ಹರಿವಾಣ ಕಾಣ್ತದೆ!"

ಅತ್ತೆ ಸೆರಗಿನಲ್ಲಿ ಮೂಗು ಒರೆಸಿದ್ರು. "ಹುಂಡಿಗೆ ಹಾಕುದು ಬೇಡ ಆಯ್ತಾ. ನನ್ನ ಬೆರಳು ಸವೆದದ್ದು ಅದರಲ್ಲಿ ಉಂಟು. ಮನೆಯಲ್ಲೇ ಇರ್ಲಿ."

ಮಾವ ಕೂತಲ್ಲಿಂದಲೇ ನನ್ನನ್ನು ನೋಡಿ ನಕ್ರು. ನನಗೆ ಹೋದ ಜೀವ ಬಂದ ಹಾಗೆ ಆಯ್ತು.

ಹೊರಗೆ ಚಪ್ಪಲಿಯ ಶಬ್ದ ದೂರ ಹೋಯ್ತು. ಹೋದ್ರು ಅಂದುಕೊಂಡೆವು. ಹೋಗ್ಲಿಲ್ಲ. ಮಾಷ್ಟ್ರು ಮನೆಗೆ ಒಂದು ಸುತ್ತು ಹಾಕಿ, ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹತ್ರ ನಿಂತು, ಪುನಃ ಎದುರಿಗೆ ಬಂದ್ರು. ಬಾಗಿಲಿಗೆ ಬಾಯಿ ಹತ್ತಿರ ಇಟ್ಟು ನಿಧಾನಕ್ಕೆ ಹೇಳಿದ್ರು.

"ಕಲ್ಲಿನ ಮೇಲೆ ತಿಕ್ಕಿ ಬಿಸಾಡಿದ ಬಿಂಬುಳಿ ಹುಳಿಯ ಸಿಪ್ಪೆ ಉಂಟು, ಬೂದಿ ಉಂಟು. ಬೇಜಾರು ಮಾಡ್ಬೇಡಿ ಯಜಮಾನ್ರೇ. ನಮ್ಮ ಮನೆಯವಳು ನನ್ನದನ್ನು ತಿಕ್ಕಿದ್ದು ಹುಣಸೆಹುಳಿಯಲ್ಲಿ. ಹಾಗಾಗಿಯೇ ನಾನು ಈ ಪ್ರಾಯದಲ್ಲಿ ಇನ್ನೊಂದು ಹುಡುಕಿಕೊಂಡು ಊರೂರು ತಿರುಗುದು."

ಮಾವ ಅತ್ತೆಯನ್ನು ನೋಡಿದ್ರು. ಅತ್ತೆ ನನ್ನನ್ನು ನೋಡಿದ್ರು. ಮಾಷ್ಟ್ರು ಮತ್ತೊಮ್ಮೆ ಬಾಗಿಲು ತಟ್ಟಿ, "ಒಂದು ಲೋಟ ನೀರಾದ್ರೂ ಸಿಗ್ಬಹುದಾ?" ಅಂತ ಕೇಳಿದ್ರು. ಅತ್ತೆ ನೀರಿಗೆ ಅಂತ ಎದ್ರು, ಮಾವ ಸೆರಗು ಹಿಡಿದು ಪುನಃ ಕೂರಿಸಿದ್ರು.