ನಾಲ್ಕನೇ ಆವೃತ್ತಿಯ ಬಾಗಿಲು

ನಾನು ಮಾರಿದ ಬಟ್ಟೆ ಒಗೆಯುವ ಯಂತ್ರದ ಬಾಗಿಲು ತೆರೆಯದಿದ್ದುದಕ್ಕೆ ಯಂತ್ರವಾಗಲಿ, ಬಾಗಿಲಾಗಲಿ, ಕಂಪನಿಯಾಗಲಿ ಹೊಣೆಯಲ್ಲವೆಂದು ಸರ್ವರಿಗೂ ತಿಳಿಯಪಡಿಸಲಾಗಿದೆ. ಹೊಣೆ ಕೈಪಿಡಿಯೊಳಗಿನ ಲಿಂಕಿನದು. ಲಿಂಕಿಗೆ ಸಂಬಳವಿಲ್ಲವಾದ್ದರಿಂದ ಅದನ್ನು ಅಮಾನತು ಮಾಡಲು ಬರುವುದಿಲ್ಲ.

ಯಂತ್ರ ಕೊಂಡವಳು ನಮ್ಮ ಬೀದಿ ಕೊನೆಯ ಲಾಂಡ್ರಿಯಾಕೆ. ಬೆಳಿಗ್ಗೆಯೇ ಅಂಗಡಿಗೆ ನುಗ್ಗಿದಳು.

"ಅಣ್ಣಾ, ಆಸ್ಪತ್ರೆ ಬೆಡ್‌ಶೀಟೆಲ್ಲ ಒಳಗೆ ಸಿಕ್ಕಿಹಾಕ್ಕೊಂಡಿವೆ. ಸಂಜೆಯೊಳಗೆ ಕೊಡದಿದ್ರೆ ಗುತ್ತಿಗೆ ಬೇರೆಯವರಿಗಂತೆ. ನಿಮ್ಮ ಮಷೀನು ಬಾಯೇ ಬಿಡ್ತಿಲ್ಲ!"

"ಕೈಪಿಡಿ ನೋಡಿದ್ಯೇನಮ್ಮ?"

"ನೋಡಿದೆ. ಹಿಂದಿರೋ ನೀಲಿ ಗುಂಡಿ ಒತ್ತಿ ಅಂತಿದೆ. ಹಿಂದೆ ಧೂಳಿದೆ, ಜೇಡ ಇದೆ. ಗುಂಡಿ ಇಲ್ಲ."

ಕೈಪಿಡಿಯನ್ನು ಕಂಪನಿ ಈಗ ಅಚ್ಚು ಹಾಕಿಸುವುದಿಲ್ಲ, ಫೋನಿನಲ್ಲೇ ಓದಬೇಕು. ಮನುಷ್ಯರು ಅದನ್ನು ಬರೆಯುವುದೂ ಇಲ್ಲ. ಕೆಲಸಗಾರರ ಟಿಪ್ಪಣಿಗಳನ್ನು ಬಾಚಿಕೊಂಡು ಒಂದು ಸಾಫ್ಟ್‌ವೇರ್ ತಾನೇ ಪುಟ ಕಟ್ಟುತ್ತದೆ, ಪುಟದಿಂದ ಪುಟಕ್ಕೆ ಲಿಂಕ್ ಹೆಣೆಯುತ್ತದೆ. ಯಂತ್ರ ನಾಲ್ಕನೇ ಆವೃತ್ತಿಯದು, ಕೈಪಿಡಿಯೂ ನಾಲ್ಕನೆಯದೇ. ಆದರೆ 'ಬಾಗಿಲು ತೆರೆಯದಿದ್ದರೆ' ಎಂಬಲ್ಲಿ ಒತ್ತಿದರೆ ಲಿಂಕು ಮೂರನೇ ಆವೃತ್ತಿಯ ಪುಟಕ್ಕೆ ಒಯ್ಯುತ್ತಿತ್ತು. ನೀಲಿ ಗುಂಡಿ ಇದ್ದದ್ದು ಮೂರನೇ ಆವೃತ್ತಿಯ ಯಂತ್ರದಲ್ಲಿ; ಖರ್ಚು ಉಳಿಸಲು ನಾಲ್ಕನೆಯದರಲ್ಲಿ ತೆಗೆದಿದ್ದರು. ವ್ಯಾಪಾರಿಯಾಗಿ ನಾನದನ್ನು ತಪ್ಪೆನ್ನಲಾರೆ.

ಕೈಪಿಡಿ ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿದೆ.

"ಸ್ವಾಮಿ, ಲಿಂಕಲ್ಲಿ ಮೂರು ಅನ್ನೋದನ್ನ ನಾಲ್ಕು ಮಾಡಿ, ಸಾಕು."

"ಮಾಡಬಹುದು. ಆದ್ರೆ ಒಂದಕ್ಷರ ತಿದ್ದಿದ್ರೂ ಹೊಸ ಆವೃತ್ತಿ ಅಂತ ನಿಯಮ ಇದೆ. ನಾಲ್ಕು ಅಂತ ತಿದ್ದಿದ ಕೂಡಲೇ ಕೈಪಿಡಿ ಐದಾಗುತ್ತೆ. ಲಿಂಕು ಮತ್ತೆ ಒಂದು ಹಿಂದೆ."

"ಹಾಗಾದ್ರೆ ಐದು ಅಂತಲೇ ಹಾಕಿ."

"ಇನ್ನೂ ಹುಟ್ಟದ ಆವೃತ್ತಿಗೆ ಲಿಂಕು ಕೊಡೋದು ಅಪರಾಧ ಸಾರ್."

"ಹೋಗಲಿ, ಬಾಗಿಲು ತೆಗೆಯೋದು ಹೇಗೆ ಅಂತ ಬಾಯಲ್ಲೇ ಹೇಳಿಬಿಡಿ."

"ಬಾಯಿಮಾತಿಗೆ ಆವೃತ್ತಿ ಸಂಖ್ಯೆ ಇಲ್ವಲ್ಲ," ಎಂದು ಅವರು ನೊಂದುಕೊಂಡರು.

ಮಧ್ಯಾಹ್ನ ಪ್ರಕಟಣೆ ಹೊರಬಿತ್ತು: "ಕೈಪಿಡಿಯನ್ನು ಯಂತ್ರಕ್ಕೆ ಹೊಂದಿಸುವುದು ನಿಯಮಬಾಹಿರವಾದ್ದರಿಂದ ಯಂತ್ರವನ್ನೇ ಕೈಪಿಡಿಗೆ ಹೊಂದಿಸತಕ್ಕದ್ದು." ಅದರಂತೆ ಕಂಪನಿಯ ಮೆಕ್ಯಾನಿಕ್ ಬಂದು ಯಂತ್ರದ ಬೆನ್ನಿಗೆ ಒಂದು ನೀಲಿ ಗುಂಡಿ ಅಂಟಿಸಿದ. ಲಾಂಡ್ರಿಯಾಕೆ ಒತ್ತಿದಳು.

"ತೆರೀಲಿಲ್ವಲ್ಲಪ್ಪ?"

"ಒತ್ತಿ ಅಂತಿತ್ತು, ಒತ್ತಿದ್ರಿ. ದೂರು ಮುಗೀತಲ್ಲಕ್ಕ?"

ಅಕ್ಕ ಅವನ ಚೀಲದಿಂದ ಸುತ್ತಿಗೆ ಎತ್ತಿಕೊಂಡು ಬಾಗಿಲಿನ ಗಾಜಿಗೆ ಬಾರಿಸಿದಳು. ಸಂಜೆಗೆ ಸರಿಯಾಗಿ ಶೀಟುಗಳು ಆಸ್ಪತ್ರೆ ಸೇರಿದವು, ಗುತ್ತಿಗೆ ಉಳಿಯಿತು.

ಪ್ರಾಮಾಣಿಕನಾದ ಮೆಕ್ಯಾನಿಕ್ "ಬಾಗಿಲು ಸುತ್ತಿಗೆಯಿಂದ ತೆರೆಯಿತು" ಎಂದು ಟಿಪ್ಪಣಿ ಹಾಕಿದ. ಸಾಫ್ಟ್‌ವೇರ್ ಅದನ್ನೂ ಬಾಚಿಕೊಂಡು, ಬೆಳಗಾಗುವುದರೊಳಗೆ ಐದನೇ ಆವೃತ್ತಿಯ ಪುಟ ಕಟ್ಟಿ, ಐದಕ್ಕೇ ಲಿಂಕು ಹೆಣೆದುಬಿಟ್ಟಿತ್ತು: "ಬಾಗಿಲು ತೆರೆಯದಿದ್ದರೆ ಸುತ್ತಿಗೆ ಬಳಸಿ." ಲಿಂಕೂ ಪುಟವೂ ಕೂಡಿಬಂದದ್ದು ಇದೇ ಮೊದಲೆಂದು ಕಂಪನಿಯಲ್ಲಿ ಸಿಹಿ ಹಂಚಿದರು. ಹಿಡಿಯ ಮೇಲೆ ಆವೃತ್ತಿ ಸಂಖ್ಯೆ ಕೊರೆದ ಅಧಿಕೃತ ಸುತ್ತಿಗೆ ಮಾರುಕಟ್ಟೆಗೆ ಬಂತು. ನಾನೂ ತರಿಸಿದೆ. ಯಂತ್ರಕ್ಕಿಂತ ಸುತ್ತಿಗೆಯಲ್ಲಿ ಲಾಭ ಜಾಸ್ತಿ, ಗಾಜಿನದಂತೂ ಕೇಳಲೇಬೇಡಿ.

ಹೊಸ ಗಾಜು ಹಾಕಿಸಿಕೊಂಡ ಲಾಂಡ್ರಿಯಾಕೆ ವಾರದೊಳಗೆ ಮತ್ತೆ ಬಂದಳು.

"ಶೀಟು ಪುನಃ ಸಿಕ್ಕೊಂಡಿವೆ ಅಣ್ಣಾ. ಒಂದು ಸುತ್ತಿಗೆ ಕೊಡಿ."

ಕೊಟ್ಟೆ. ಹಿಡಿ ತಿರುಗಿಸಿ ನೋಡಿದಳು.

"ಇದು ಐದನೇದು. ನನ್ನ ಮಷೀನು ನಾಲ್ಕನೇದು."

"ಹೌದಮ್ಮ."

"ಹಾಗಾದ್ರೆ ಹೊಂದಲ್ಲ, ಬಿಡಿ. ನಾಲ್ಕನೇದು ಬಂದ್ರೆ ಫೋನ್ ಮಾಡಿ."

ಆಸ್ಪತ್ರೆಯವರೂ ಈ ಸಲ ಗುತ್ತಿಗೆಯ ಮಾತೆತ್ತಲಿಲ್ಲ. ಆವೃತ್ತಿ ಹೊಂದಲಿಲ್ಲ ಎಂದರೆ ಯಾರಿಗೆ ಅರ್ಥವಾಗದು? ರೋಗಿಗಳು ಬರೀ ಹಾಸಿಗೆಯ ಮೇಲೆ ಸಮಾಧಾನದಿಂದ ಮಲಗಿದ್ದಾರೆ.